ಪಿಳ್ಳಪ್ಪ ಹುಳ ಸಾಕಿದ್ದು

ಆಗಷ್ಟೇ ಮೊಟ್ಟೆ ಒಡೆದು ಬಂದ ರೇಷ್ಮೆಮರಿ ಸಾಕುವುದಕ್ಕೆ ನಮ್ಮ ಕಡೆ ಅದೇನೋ ಅಂತಾರೆ ಪುಟ್ಟಿ. ಚಾಕರಿ? ಅಲ್ಲ. ಚಕ್ಕಿ? ಅಲ್ಲಲ್ಲ... ಚಾಕಿ! ಹಾಂ, ಚಾಕಿ. ಆ ಕೆಲಸಕ್ಕೆ ಚೌಡಕ್ಕ ತನ್ನ ಪೆದ್ದ ಮಗ ಪಿಳ್ಳಪ್ಪನನ್ನು ಕೂರಿಸಿದಳು. ಕೂರಿಸದೆ ಗತಿಯಿರಲಿಲ್ಲ. ಅವಳ ತಮ್ಮ ಬಚ್ಚಣ್ಣ ಕಡ್ಡಿ ಮುರಿದ ಹಾಗೆ ಹೇಳಿದ್ದ: "ಅಕ್ಕಾ, ನಿನ್ನ ಮಗ ಒಂದು ಸಲ ಹುಳ ಸಾಕಿ ಗೂಡು ಕಟ್ಟಿಸಲಿ. ಆಮೇಲೆ ನನ್ನ ಮಗಳು ರತ್ನೀನ ಕೊಡ್ತೀನಿ. ಇಲ್ದಿದ್ರೆ ಇಲ್ಲ!"

ಹಾಳೆಯ ಮೇಲೆ ಸಾಸಿವೆಗಿಂತ ಸಣ್ಣ ಮೊಟ್ಟೆಗಳು. "ಬೆಚ್ಚಗೆ ನೋಡ್ಕೋ ಮಗಾ" ಎಂದು ಚೌಡಕ್ಕ ಹೊಲಕ್ಕೆ ಹೋದಳು. ಪಿಳ್ಳಪ್ಪ ಬಗ್ಗಿ ಬಗ್ಗಿ ನೋಡಿದ. ಇಷ್ಟು ಸಣ್ಣದರೊಳಗೆ ಮರಿ ಹೇಗೆ ಕೂತಿರ್ತದೆ? ಕಾಲು ಮಡಚಿಕೊಂಡಾ? ಇರಲಿ, ಮೊಟ್ಟೆ ಬೆಚ್ಚಗಿಡೋದು ಯಾರು? ಕೋಳಿ! ಕಾವು ಕೂತ ಕೋಳಿಯನ್ನು ತಂದು ಹಾಳೆಯ ಮೇಲೆ ಕೂರಿಸಿದ. ಕೋಳಿ ಕೊಕ್ಕೊಕ್ಕೊ ಎಂದು ಕುಕ್ಕಿತು, ಅರ್ಧ ಹಾಳೆ ಖಾಲಿ!

"ಅಯ್ಯೋ ಮುಂಡೇದೆ!" ಚೌಡಕ್ಕ ಹಣೆ ಚಚ್ಚಿಕೊಂಡಳು. "ಕೋಳಿ ಅಲ್ಲ, ಒಂದು ಇರುವೆ ಕೂಡ ಹತ್ರ ಬರಬಾರದು. ಕಂಡರೆ ಗುಡಿಸಿ ಹಾಕು!"

"ಆಗಲಮ್ಮ."

ಮರುದಿನ ಹಾಳೆಯ ತುಂಬ ಕಪ್ಪಗೆ, ಸಣ್ಣಗೆ ಏನೋ ಹರಿದಾಡುತ್ತಿತ್ತು. ಇರುವೆ! ಪಿಳ್ಳಪ್ಪ ಪೊರಕೆ ತಂದು ಪರಪರ ಗುಡಿಸಿದ. ಚೌಡಕ್ಕ ಓಡಿಬಂದು ಮೊರ ಒಡ್ಡಿದಳು.

"ಅವೇ ಮರಿಗಳು ಕಣೋ!"

"ಇಷ್ಟು ಕಪ್ಪಗಾ? ರೇಷ್ಮೆ ಬೆಳ್ಳಗಿರ್ತದಲ್ಲಮ್ಮ?"

"ಬೆಳೀತಾ ಬೆಳೀತಾ ಬೆಳ್ಳಗಾಗ್ತವೆ. ಮೊದಲು ಸೊಪ್ಪು ಹಾಕು! ಬಾಯಿ ನಿಲ್ಲಬಾರದು!"

"ಆಗಲಮ್ಮ."

ಸೊಪ್ಪು ಹಾಕಿದ. ಮಳೆ ಸುರಿದಂತೆ ಸದ್ದು ಮಾಡುತ್ತಾ ತಿಂದವು, ಬೆಳೆದವು, ಬೆಳ್ಳಗಾದವು. ಒಂದು ದಿನ ಎಲ್ಲವೂ ತಲೆ ಎತ್ತಿ ಕೂತುಬಿಟ್ಟವು. ತಿನ್ನಲೊಲ್ಲವು. ಬಾಯಿ ನಿಲ್ಲಬಾರದಲ್ಲ! ಪಿಳ್ಳಪ್ಪ ಒಂದೊಂದನ್ನೇ ಹಿಡಿದು ಬಾಯಿಗೆ ಎಲೆ ತುರುಕಿದ.

"ಬಿಡೋ, ಬಿಡೋ! ಅವು ಪೊರೆ ಬಿಡೋಕೆ ಕೂತಿವೆ. ಹಳೇ ಚರ್ಮ ಕಳಚಿ ಹೊಸದು ಬರಬೇಕು. ತಲೆ ಎತ್ತಿ ಸುಮ್ಮನೆ ಕೂತರೆ ಊಟ ಇಡಬೇಡ, ಮುಟ್ಟಬೇಡ!"

"ಆಗಲಮ್ಮ. ಚರ್ಮ ಎಲ್ಲಿಂದ ಬಿರೀತದೆ? ತಲೆಯಿಂದಲಾ, ಬಾಲದಿಂದಲಾ?"

"ಕೂತು ನೋಡು, ಹೋಗು!"

ಅದೇ ಹೊತ್ತಿಗೆ ಬಚ್ಚಣ್ಣ ಹುಳ ನೋಡಲು ಬಂದ. ಚೌಡಕ್ಕ ಎಲೆ ಹಾಕಿ ಕೂರಿಸಿ, "ಮಾವನಿಗೆ ಮುದ್ದೆ ಬಡಿಸೋ" ಎಂದು ನೀರಿಗೆ ಹೋದಳು. ಬಚ್ಚಣ್ಣ ತಲೆ ಎತ್ತಿ ದಾರಿ ನೋಡುತ್ತಾ ಕೂತ. ಪಿಳ್ಳಪ್ಪ ಮುದ್ದೆ ಹಿಡಿದು ಬಂದವನು, ಮಾವನ ತಲೆ ನೋಡಿ ಹಾಗೇ ಒಳಗೆ ಹೋದ.

"ಏನೋ, ಮುದ್ದೆ ಎಲ್ಲೋ?"

"ಮೊದಲು ಚರ್ಮ ಬಿಡು ಮಾವ!"

ಬಚ್ಚಣ್ಣ ಎದ್ದೇಬಿಟ್ಟ. ಚೌಡಕ್ಕ ಕೈಕಾಲು ಹಿಡಿದು, ಗೂಡು ಕಟ್ಟುವವರೆಗೆ ತಡೆದುಕೊಳ್ಳೋ ಎಂದು ಬೇಡಿಕೊಂಡಳು. ಮಗನಿಗೆ ಹೇಳಿದಳು: "ಮನುಷ್ಯರಿಗೂ ಹುಳಕ್ಕೂ ವ್ಯತ್ಯಾಸ ಬೇಡವೇನೋ? ಇನ್ನು ಇದೊಂದು ತಲೇಲಿಟ್ಕೋ. ಮೈ ಹಳದಿಯಾಗಿ, ತಿನ್ನೋದು ಬಿಟ್ಟು, ಅತ್ತಿತ್ತ ತಲೆ ಆಡಿಸಿದರೆ ಹಣ್ಣಾಯಿತು ಅಂತ. ತಡಮಾಡದೆ ಎತ್ತಿ ಚಂದ್ರಿಕೆ ಮೇಲೆ ಹಾಕು." ಚಂದ್ರಿಕೆ ಅಂದರೆ ಹುಳ ಗೂಡು ಕಟ್ಟುವ ದೊಡ್ಡ ಬಿದಿರಿನ ತಟ್ಟಿ.

"ಆಗಲಮ್ಮ!"

ಈ ಸಲ ಎಲ್ಲಾ ಸರಿಹೋಯಿತು. ಹಣ್ಣಾದವನ್ನು ಎತ್ತಿ ಹಾಕಿದ. ಬಾಯಿಂದ ನೂಲು ತೆಗೆದು ತೆಗೆದು ಹುಳ ಮರೆಯಾದವು. ಪಿಳ್ಳಪ್ಪ ಒಂದು ಗೂಡು ಕಿವಿಗಿಟ್ಟು ಅಲ್ಲಾಡಿಸಿದ, ಗಡಗಡ. "ಅಮ್ಮಾ, ಬಾಗಿಲೇ ಇಲ್ಲ!" ಚೌಡಕ್ಕ ಒಂದನ್ನು ಕತ್ತರಿಸಿ ತೋರಿಸಿದಳು. ಒಳಗೆ ಹುಳವಿಲ್ಲ. ಖರ್ಜೂರದ ಬೀಜದಂಥ ಕಂದು ಕೋಶ, ಮುಟ್ಟಿದರೆ ಬಾಲ ಆಡಿಸಿತು. ಪಿಳ್ಳಪ್ಪ ಅಂದೆಲ್ಲಾ ಉಣ್ಣದೆ ಅದನ್ನೇ ನೋಡುತ್ತಾ ಕೂತ.

ಬಚ್ಚಣ್ಣ ಮಾತಿಗೆ ತಪ್ಪಲಿಲ್ಲ. ಮದುವೆ ಗೊತ್ತಾಯಿತು. ಚೌಡಕ್ಕನ ಮನೆಯಲ್ಲೇ ಚಪ್ಪರ, ಅರಿಶಿನದ ಶಾಸ್ತ್ರ. ರತ್ನಿಗೆ ಮೈತುಂಬ ಅರಿಶಿನ ಹಚ್ಚಿ ಊಟಕ್ಕೆ ಕೂರಿಸಿದರು. ಅವಳಿಗೆ ನಾಚಿಕೆ. ತುತ್ತು ಮುಟ್ಟದೆ ಅತ್ತ ನೋಡಿದಳು, ಇತ್ತ ನೋಡಿದಳು.

ಪಿಳ್ಳಪ್ಪ ಕಂಡ. ಮೈ ಹಳದಿ! ಊಟ ಬಿಟ್ಟಿದಾಳೆ! ತಲೆ ಆಡಿಸ್ತಿದಾಳೆ! ಓಡಿಬಂದು ಎತ್ತಿಕೊಂಡವನೇ ಚಂದ್ರಿಕೆಯ ಮೇಲೆ ಮಲಗಿಸಿಯೇಬಿಟ್ಟ. "ಯಾರೂ ಮುಟ್ಟಬೇಡಿ! ಈಗ ನೂಲು ಬರ್ತದೆ!"

"ನೂಲಲ್ಲ ಬಾವ, ಬೈಗುಳ ಬರ್ತದೆ, ಇಳಿಸು! ಹೊಟ್ಟೆ ಹಸೀತಿದೆ!" ಎಂದು ಕಿರುಚಿದಳು ರತ್ನಿ.

ಪಿಳ್ಳಪ್ಪ ಬಗ್ಗಿ ಅವಳ ಬಾಯಿ ನೋಡಿ ಕೂಗಿದ: "ಅಮ್ಮಾ, ಇದು ಇನ್ನೂ ಹಣ್ಣಾಗಿಲ್ಲ! ಸೊಪ್ಪು ತಗೊಂಬಾ!"

ನಗು ಸಾಕು ಪುಟ್ಟಿ, ನಾನು ಮರೆಯೋದರೊಳಗೆ ಈ ಕಥೆ ಬರ್ಕೊಂಡುಬಿಡು.