ಅರ್ಧ ಪಾಲಿನ ಗೌಡ

ಗಂಡ ತೀರಿಕೊಂಡ ಮೇಲೆ ನೀಲವ್ವ, ಮಗಳು ಸಾವಂತ್ರಿ ಆಸೆಯಿಂದ ಪೋಣಿಸುತ್ತಿದ್ದ ಮಣಿಸರಗಳಿಂದಲೇ ಅವಳಿಗೆ ಲೆಕ್ಕ ಕಲಿಸಿದಳು. ಮಣಿಗೆಷ್ಟು, ದಾರಕ್ಕೆಷ್ಟು, ಕೈಗೆ ಉಳಿದದ್ದೆಷ್ಟು.

ಇಬ್ಬರೂ ಸಂತೆಯಲ್ಲಿ ಸರ ಮಾರುತ್ತಿದ್ದಾಗ ಕರ ವಸೂಲಿಯ ಗುತ್ತಿಗೆದಾರ ಫಕೀರಗೌಡ ಬಂದು ಬುಟ್ಟಿಗೆ ಕಾಲು ತಾಗಿಸಿದ.

"ಕರ ಬ್ಯಾರೆ. ಇನ್ಮ್ಯಾಲೆ ನಿಮ್ಮ ವ್ಯಾಪಾರದಾಗ ನನಗ ಅರ್ಧ ಪಾಲು. ಇಲ್ಲಂದ್ರ ಏಳ್ರಿ."

ಅಕ್ಕಪಕ್ಕದವರು ತಲೆ ತಗ್ಗಿಸಿದರು. ನೀಲವ್ವ ಕೈಮುಗಿದಳು. "ಆತ್ರೀ ಗೌಡ್ರ. ಎಲ್ಲಾರಿಗೂ ಕೇಳೂ ಹಂಗ ಹೇಳ್ರಿ."

"ಅರ್ಧ ಪಾಲು ನಂದು!" ಗೌಡ ಕೂಗಿದ.

"ಸಾವಂತ್ರಿ, ಲೆಕ್ಕ ಓದು."

"ಈ ಸಲ ಹಾಕಿದ್ದು ಇನ್ನೂರು ರೂಪಾಯಿ. ಬಂದದ್ದು ಎಂಬತ್ತು. ಬುಟ್ಟ್ಯಾಗ ಉಳಿದ ಸರ ಬಣ್ಣ ಬಿಟ್ಟು ಹಾಳಾದವು. ಲುಕ್ಸಾನ ನೂರಿಪ್ಪತ್ತು."

ನೀಲವ್ವ ಸೆರಗೊಡ್ಡಿದಳು. "ನಿಮ್ಮ ಪಾಲಿನ ಲುಕ್ಸಾನ ಅರವತ್ತು ಕೊಡ್ರಿ, ಗೌಡ್ರ."

ಸಂತೆ ಗೊಳ್ಳೆಂದಿತು. ಗೌಡ ಮುಖ ಕೆಂಪಗೆ ಮಾಡಿಕೊಂಡು ಹೊರಟೇಹೋದ.

ಮಗಳು ಮಾತ್ರ ನಗಲಿಲ್ಲ. "ಯವ್ವಾ, ನೂರಿಪ್ಪತ್ತು ಖರೇನ ಹೋತಲ್ಲ?"

"ಹೌದವ್ವಾ," ಎಂದಳು ನೀಲವ್ವ. "ಈಗ ಲುಕ್ಸಾನೂ ವ್ಯಾಪಾರಾನೂ ಪೂರ್ತಿ ನಮ್ಮದ."