ಅಂಗೈ ನೋಡುವ ಮುದುಕಿ

"ಗುರುಗಳೇ, ಯಾರೂ ಕೇಳದಿರುವಾಗ ಸುಮ್ಮನಿದ್ದರೆ ಅದೂ ಸುಳ್ಳೇ?" ಎಂದು ಶಿಷ್ಯ ಕೇಳಿದ. ಕೇಳುವಾಗ ಅವನು ಗುರುಗಳ ಮುಖ ನೋಡಲಿಲ್ಲ.

ಅದನ್ನು ಗುರುಗಳು ಗಮನಿಸಿದರು. ಏನಾಯಿತೆಂದು ವಿಚಾರಿಸಲಿಲ್ಲ. ಈ ಕತೆ ಹೇಳಿದರು.

ಒಂದು ಊರು. ಊರಿನ ಹಿಂದೆ ಗುಡ್ಡ. ಗುಡ್ಡದಲ್ಲಿ ಚಿನ್ನವಿದೆ ಎಂದು ಯಾವುದೋ ಕಾಲದ ಅರಸ ಗಣಿ ತೋಡಿಸಿದ. ಆಳುಗಳು ಬಂಡೆ ಒಡೆದರು, ಒಡೆದದ್ದನ್ನು ಹಿಟ್ಟಿನ ಹಾಗೆ ಕುಟ್ಟಿದರು, ತೊಳೆದು ಚಿನ್ನ ಸೋಸಿಕೊಂಡರು. ಉಳಿದ ಬೂದು ಬಣ್ಣದ ಹುಡಿಯನ್ನು ಊರ ಮಗ್ಗುಲಿಗೆ ಸುರಿದರು. ಚಿನ್ನ ಮುಗಿಯಿತು. ಅರಸ ಹೋದ, ಆಳುಗಳೂ ಹೋದರು. ಹುಡಿ ಮಾತ್ರ ಇನ್ನೊಂದು ಗುಡ್ಡವಾಗಿ ಅಲ್ಲೇ ನಿಂತಿತು. ಊರವರು ಅದನ್ನು ಬೂದಿದಿಬ್ಬ ಎಂದು ಕರೆದರು.

ಆ ಬಂಡೆಯಲ್ಲಿ ಚಿನ್ನದ ಜೊತೆಗೆ ಪಾಷಾಣವೂ ಇತ್ತು, ಇಲಿಗೆ ಇಡುತ್ತಾರಲ್ಲ, ಅದೇ. ಬಂಡೆ ಇಡಿಯಾಗಿದ್ದಷ್ಟು ಕಾಲ ಅದು ಒಳಗೇ ಮಲಗಿತ್ತು. ಹುಡಿಯಾದ ಮೇಲೆ ಗಾಳಿ ತಾಗಿತು, ಮಳೆ ತಾಗಿತು. ಪಾಷಾಣ ಎದ್ದು ಮಳೆನೀರಿನೊಡನೆ ನೆಲದೊಳಕ್ಕೆ ಇಳಿಯಿತು. ದಿಬ್ಬದ ಬುಡದಲ್ಲಿಯೇ ಊರಿನ ಬಾವಿ. ನೀರು ಎಷ್ಟು ತಿಳಿಯಾಗಿತ್ತೆಂದರೆ ತಳದ ಕಲ್ಲು ಕಾಣುತ್ತಿತ್ತು. ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಗೆ ಒಂದು ಕುಂದಿಲ್ಲ. ಪರವೂರಿನ ನೆಂಟರು ಇನ್ನೊಂದು ತಂಬಿಗೆ ಕೇಳಿ ಕುಡಿಯುತ್ತಿದ್ದರು.

ಆ ಊರಿನಲ್ಲಿ ಒಂದು ಪದ್ಧತಿಯಿತ್ತು. ಹೆಣ್ಣು ನೋಡಲು ಹೋದವರು ಮುಖಕ್ಕಿಂತ ಮೊದಲು ಅಂಗೈ ನೋಡುತ್ತಿದ್ದರು. ನೋಡುತ್ತಿದ್ದದ್ದು ಗೆರೆಗಳನ್ನಲ್ಲ. ಹೆಬ್ಬೆರಳಿನಿಂದ ಒತ್ತಿ ಚರ್ಮವನ್ನು ಪರೀಕ್ಷಿಸುತ್ತಿದ್ದರು. ಅಂಗೈ ಮೆತ್ತಗಿದ್ದರೆ ಮೈಗಳ್ಳಿ. ಗಟ್ಟಿಯಾಗಿದ್ದು, ರಾಗಿಕಾಳಿನಂಥ ಗಂಟುಗಳು ಬೆರಳಿಗೆ ಸಿಕ್ಕರೆ ದುಡಿಮೆಗಾರ್ತಿ. ಆ ಊರಿನಲ್ಲಿ ಹೆಣ್ಣು ಗಂಡೆನ್ನದೆ ಎಲ್ಲರ ಅಂಗೈಯಲ್ಲೂ ರಾಗಿಕಾಳು. ಅದು ಅವರಿಗೆ ಕುಲದ ಹೆಮ್ಮೆ. ನಡುವಯಸ್ಸಿನಲ್ಲಿ ಕೆಲವರ ಅಂಗೈ ಬಿರಿದು ಹುಣ್ಣಾಗುತ್ತಿತ್ತು. ಹುಣ್ಣು ಮಾಯುತ್ತಿರಲಿಲ್ಲ. ಅವರು ಸತ್ತರೆ, ದುಡಿದು ಸವೆದ ಜೀವವೆಂದು ಊರೆಲ್ಲ ಸೇರಿ ಮರ್ಯಾದೆಯಿಂದ ಮಣ್ಣು ಮಾಡುತ್ತಿದ್ದರು.

ಅಂಗೈಯ ವಿಷಯದಲ್ಲಿ ಒಬ್ಬ ಮುದುಕಿಯ ಮಾತೇ ಕೊನೆಯ ಮಾತಾಗಿತ್ತು. ಅವಳು ಒತ್ತಿ ನೋಡಿ "ದುಡಿದ ಕೈ" ಎಂದರೆ ತಾಂಬೂಲ ಬದಲಾಗುತ್ತಿತ್ತು. ಮಾತಾಡದೆ ಎದ್ದರೆ ಗಂಡಿನವರೂ ಎದ್ದು ಚಪ್ಪಲಿ ಮೆಟ್ಟುತ್ತಿದ್ದರು. ಊರಿನ ಅರ್ಧ ಮನೆಗಳ ಒಲೆ ಹೊತ್ತಿದ್ದೇ ಅವಳ ಮಾತಿನಿಂದ.

ಅವಳ ಮಗ ಮಾತ್ರ ಹಟ ಹಿಡಿದು ದೂರದ ಹೊಳೆಯೂರಿನಿಂದ ಹೆಣ್ಣು ತಂದ. ಮುದುಕಿ ಸೊಸೆಯ ಅಂಗೈ ಒತ್ತಿದಳು. "ಇದು ಕೈಯಲ್ಲ, ಬೆಣ್ಣೆಮುದ್ದೆ. ಒಲೆಯ ಹತ್ತಿರ ಸುಳಿಯಬೇಡ ತಾಯಿ, ಕರಗಿ ಹೋದೀಯೆ" ಎಂದಳು. ಸೇರಿದವರೆಲ್ಲ ನಕ್ಕರು. ಸೊಸೆ ಎದುರಾಡಲಿಲ್ಲ. ಬೀಸಿದಳು, ಕುಟ್ಟಿದಳು, ನೀರು ಹೊತ್ತಳು. ಕೆಲವು ವರ್ಷಗಳಲ್ಲಿ ಅವಳ ಅಂಗೈಯಲ್ಲೂ ರಾಗಿಕಾಳು ಮೂಡಿತು. ಬೆಣ್ಣೆಯನ್ನು ಕಲ್ಲು ಮಾಡಿದ್ದು ತಾನೇ ಎಂದು ಮುದುಕಿ ಬಾವಿಕಟ್ಟೆಯಲ್ಲಿ ಹೇಳಿಕೊಂಡಳು.

ಸೊಸೆ ಬಸಿರಾಗಿ ತವರಿಗೆ ಹೋದಳು. ಹೆಣ್ಣು ಕೂಸು ಹುಟ್ಟಿತು. ಅಷ್ಟರಲ್ಲಿ ಅವಳ ತಾಯಿ ಹಾಸಿಗೆ ಹಿಡಿದದ್ದರಿಂದ ಬಹುಕಾಲ ಅಲ್ಲಿಯೇ ನಿಂತಳು. ತಿರುಗಿ ಬಂದಾಗ ಅತ್ತೆ ಮೊದಲು ನೋಡಿದ್ದು ಕೂಸನ್ನಲ್ಲ, ಸೊಸೆಯ ಅಂಗೈಯನ್ನು. ಗಂಟುಗಳು ಇಳಿದು ಚರ್ಮ ಮೆತ್ತಗಾಗುತ್ತ ಬಂದಿತ್ತು. ತವರಿನಲ್ಲಿ ಕೂತು ಉಂಡು, ತಾನು ಕೊಟ್ಟ ಕೈಯನ್ನು ಕಳೆದುಕೊಂಡು ಬಂದಳೆಂದು ಮುದುಕಿ ಹಂಗಿಸಿದಳು. ತಾಯಿಯ ಪಾಲಿನ ಭತ್ತವನ್ನೂ ತಾನೇ ಕುಟ್ಟುತ್ತಿದ್ದೆನೆಂದು ಸೊಸೆ ಹೇಳಿದಳು. ಮುದುಕಿ ನಂಬಲಿಲ್ಲ.

ಕೂಸು ಬೆಳೆದು ಓಡಾಡುವ ಹುಡುಗಿಯಾಯಿತು. ಒಬ್ಬಳೇ ಮೊಮ್ಮಗಳು. ಅಜ್ಜಿ ಅವಳ ಕೈಗೆ ಪೊರಕೆ ಕೊಟ್ಟವಳಲ್ಲ, ಚೆಂಬು ಹೊರಿಸಿದವಳಲ್ಲ.

ಒಂದು ಹಬ್ಬದ ಬೆಳಿಗ್ಗೆ ಮುದುಕಿ ಮೊಮ್ಮಗಳಿಗೆ ಎಣ್ಣೆ ಹಚ್ಚಿ ನೀರು ಹಾಕುತ್ತಿದ್ದಳು. ಅಂಗೈಗೆ ಎಣ್ಣೆ ತಿಕ್ಕುವಾಗ ಹೆಬ್ಬೆರಳಿಗೆ ಏನೋ ತಡೆಯಿತು. ಆ ತಡೆ ಅವಳಿಗೆ ಹೊಸದಲ್ಲ. ಎಷ್ಟೋ ಹೆಣ್ಣುಗಳ ಅಂಗೈಯಲ್ಲಿ ಅದನ್ನೇ ಹುಡುಕಿದವಳು ಅವಳು. ಎಣ್ಣೆ ಒರೆಸಿ ಬೆಳಕಿಗೆ ಹಿಡಿದು ನೋಡಿದಳು. ರಾಗಿಕಾಳು. ಅಂಗಾಲು ತಿರುಗಿಸಿದಳು. ಅಲ್ಲಿಯೂ ಇತ್ತು. ಬೆನ್ನ ಮೇಲೆ, ದೂಳಿನಲ್ಲಿ ಮಳೆಹನಿ ಬಿದ್ದಂಥ ಮಚ್ಚೆಗಳಿದ್ದವು.

"ಅಜ್ಜೀ, ನಂದೂ ದುಡಿದ ಕೈಯಾ?" ಎಂದು ಮಗು ಕೇಳಿತು.

ಮುದುಕಿ ಆ ಅಂಗೈಯನ್ನು ಮತ್ತೊಮ್ಮೆ ಒತ್ತಿ ನೋಡಿದಳು. ಹೊಳೆಯೂರಿನಲ್ಲಿ ಭತ್ತ ಕುಟ್ಟಿದ ಕೈ ಮೆತ್ತಗಾಗಿತ್ತು. ಇಲ್ಲಿ ಕಡ್ಡಿ ಎತ್ತಿಡದ ಕೈ ಗಟ್ಟಿಯಾಗಿತ್ತು. ಹಾಗಾದರೆ ಇದು ದುಡಿಮೆಯ ಗುರುತಲ್ಲ. ಅಲ್ಲಿ ಇಲ್ಲದ್ದು ಇಲ್ಲಿ ಏನಿದೆ? ಅವಳು ಸುತ್ತ ನೋಡಿದಳು. ಅಕ್ಕಿ ಅಲ್ಲಿಯೂ ಅದೇ, ಉಪ್ಪು ಅದೇ. ಹಂಡೆಯಲ್ಲಿ ನೀರು ಕಾಯುತ್ತಿತ್ತು, ಬಾವಿಯ ನೀರು. ಆ ಉಗಿಯ ಮುಂದೆ ಕೂತಂತೆಯೇ ಅವಳ ಮೈ ತಣ್ಣಗಾಯಿತು. ಮಗುವನ್ನು ಎದೆಗೊತ್ತಿಕೊಂಡು ಬಚ್ಚಲಿನಿಂದ ಹೊರಗೆ ಬಂದಳು.

ಸೊಸೆಯನ್ನೂ ಮಗುವನ್ನೂ ಕರೆದುಕೊಂಡು ಹೊಳೆಯೂರಿನ ವೈದ್ಯನಲ್ಲಿಗೆ ಹೋದಳು. ವೈದ್ಯ ಮಗುವಿನ ಕೈ ನೋಡಿದ, ಬೆನ್ನು ನೋಡಿದ. ನಿಮ್ಮೂರಿನ ಬಾವಿ ಎಲ್ಲಿದೆ ಎಂದು ವಿಚಾರಿಸಿದ. ಬೂದಿದಿಬ್ಬದ ಬುಡದಲ್ಲಿ ಎಂದು ಸೊಸೆ ಹೇಳಿದಳು. ಅವನು ಮಗುವಿನ ಕೈಯನ್ನು ಮೆಲ್ಲಗೆ ಕೆಳಗಿಟ್ಟ. ಗಣಿಯ ಹುಡಿಯಿಂದ ಪಾಷಾಣ ಇಳಿದ ನೀರು ಅದು, ಈ ರೋಗಕ್ಕೆ ಆ ನೀರನ್ನು ಬಿಡುವುದೇ ಮೊದಲ ಮದ್ದು, ಬೇಗ ಬಿಟ್ಟವರು ಉಳಿದಾರು, ಹುಣ್ಣಾದ ಮೇಲೆ ಬಿಟ್ಟವರ ಮಾತು ತಾನು ಹೇಳಲಾರೆ ಎಂದ.

ಹೊರಗೆ ಬಂದ ಮೇಲೆ, ಊರವರಿಗೆ ಇಂದೇ ಹೇಳೋಣ ಎಂದು ಸೊಸೆ ಹೊರಟೇಬಿಟ್ಟಳು. ಮುದುಕಿ ಅವಳ ಸೆರಗು ಹಿಡಿದು ನಿಲ್ಲಿಸಿದಳು.

"ಹೇಳು, ಹೋಗು. ನಾಳೆಯಿಂದ ನಮ್ಮೂರಿನ ಹೆಣ್ಣನ್ನು ಯಾವ ಮನೆಯವರು ತಂದುಕೊಳ್ಳುತ್ತಾರೆ? ಪಾಷಾಣ ಉಂಡ ಕೂಸು ಅಂದ ಮೇಲೆ ನಿನ್ನ ಮಗಳ ಕೈಯನ್ನು ಯಾವನು ಹಿಡಿಯುತ್ತಾನೆ?"

ಸೊಸೆ ತನ್ನ ಮಗುವನ್ನು ನೋಡಿದಳು. ಅವಳ ಕಾಲು ಮುಂದೆ ಹೋಗಲಿಲ್ಲ.

ಮುದುಕಿ ಹೇಳಿದ್ದು ಸುಳ್ಳಲ್ಲ. ಆದರೆ ಅವಳು ಅಂಜಿದ್ದು ಅದೊಂದಕ್ಕೇ ಅಲ್ಲ. ಸಂಗತಿ ತಿಳಿದರೆ ಊರು, ರೋಗವನ್ನು ಒತ್ತಿ ನೋಡಿ ದುಡಿಮೆಯ ಗುರುತೆಂದವರು ಯಾರು ಎಂದು ಕೇಳುತ್ತದೆ. ಬೇರೂರಿನ ಆರೋಗ್ಯವಂತ ಹೆಣ್ಣುಗಳನ್ನು ಮೈಗಳ್ಳಿಯರೆಂದು ಹಿಂದಕ್ಕೆ ಕಳಿಸಿದವರು ಯಾರು ಎಂದು ಕೇಳುತ್ತದೆ. ಸೊಸೆಯನ್ನೂ ಮಗುವನ್ನೂ ತವರಿನಲ್ಲಿಯೇ ಬಿಟ್ಟು ಅವಳು ಒಬ್ಬಳೇ ಊರಿಗೆ ಮರಳಿದಳು. ಬೀಗಿತ್ತಿಗೆ ಮತ್ತೆ ಮೈಗೆ ಸರಿಯಿಲ್ಲವಂತೆ ಎಂದು ಕೇಳಿದವರಿಗೆಲ್ಲ ಹೇಳಿದಳು. ಮಗನಿಗೂ ಅದನ್ನೇ ಹೇಳಿದಳು.

ಆಮೇಲೆ ಅವಳಿಗೆ ನಿದ್ದೆ ದೂರವಾಯಿತು. ಬಾವಿಕಟ್ಟೆಯಲ್ಲಿ ರಾಟೆ ಕಿರುಗುಟ್ಟಿದರೆ ಎದೆ ಹಾರುತ್ತಿತ್ತು. ಯಾರದೋ ಮನೆಯ ಬಾಣಂತಿಗೆ ನೀರು ಹೋಗುತ್ತಿತ್ತು, ಯಾರದೋ ಕೂಸಿನ ಗಂಜಿಗೆ ಹೋಗುತ್ತಿತ್ತು. ತನಗರಿವಿಲ್ಲದೆಯೇ ಅವಳು ಮಕ್ಕಳ ಅಂಗೈ ಹಿಡಿದು ನೋಡುತ್ತಿದ್ದಳು. ಅಜ್ಜಿ ಈಗಲೇ ಸಂಬಂಧ ಕುದುರಿಸುತ್ತಿದ್ದಾಳೆಂದು ತಾಯಂದಿರು ನಗುತ್ತಿದ್ದರು. ಮಗನ ಅಂಗೈ ನೋಡುವ ಧೈರ್ಯ ಅವಳಿಗಾಗಲಿಲ್ಲ. ಸಂಜೆ ಕಟ್ಟೆಯ ಮೇಲೆ ಹೆಂಗಸರ ಜೊತೆ ಕೂತಾಗ ತಂಬಿಗೆ ಅವಳ ಸರದಿಗೂ ಬರುತ್ತಿತ್ತು. ಅವಳು ಕುಡಿಯುತ್ತಿದ್ದಳು. ಕುಡಿಯದಿದ್ದರೆ ಯಾಕೆಂದು ಕೇಳಿಯಾರು ಎಂದು ಕುಡಿಯುತ್ತಿದ್ದಳು.

ಹೀಗಿರಲು ಅದೇ ಬೀದಿಯಲ್ಲಿ ಒಂದು ಸಂಬಂಧ ಒದಗಿತು. ಗಂಡು ಆ ಊರಿನವನೇ, ಹೆಣ್ಣೂ ಆ ಊರಿನವಳೇ. ಮುದುಕಿಗೆ ಕರೆ ಬಂತು. ಮೈ ಹುಷಾರಿಲ್ಲವೆಂದಳು. ಅವಳು ಬಾರದೆ ಮುಹೂರ್ತವಿಲ್ಲವೆಂದು ಎರಡು ಕಡೆಯವರೂ ಬಂದು ಕೈಹಿಡಿದು ನಡೆಸಿಕೊಂಡು ಹೋದರು. ಚಾಪೆಯ ಮೇಲೆ ಹುಡುಗಿ ಬಂದು ಕೂತಳು. ತಲೆ ತಗ್ಗಿಸಿ ಎರಡೂ ಅಂಗೈಗಳನ್ನು ಮುದುಕಿಯ ಮುಂದೆ ಚಾಚಿದಳು.

ಮುದುಕಿ ಹೆಬ್ಬೆರಳು ಇಟ್ಟಳು. ಗಂಟುಗಳು ಒತ್ತಾಗಿದ್ದವು. ಬಲಗೈಯ ನಡುವೆ ಚರ್ಮ ಬಿರಿಯತೊಡಗಿತ್ತು. ಬಿರುಕು ಕೂದಲೆಳೆಯಷ್ಟೇ ಇತ್ತು, ಇನ್ನೂ ಹುಣ್ಣಾಗಿರಲಿಲ್ಲ. ಬೇಗ ಬಿಟ್ಟವರು ಉಳಿದಾರು ಎಂದು ವೈದ್ಯ ಹೇಳಿದ್ದ. ಮುದುಕಿ ಹೆಬ್ಬೆರಳನ್ನು ಆ ಬಿರುಕಿನ ಮೇಲಿಂದ ತೆಗೆಯಲಿಲ್ಲ. ಹುಡುಗಿ ತಲೆಯೆತ್ತಿ ಅವಳ ಮುಖ ನೋಡಿದಳು. ಮನೆ ತುಂಬ ಜನ ಅವಳ ಮಾತಿಗೆ ಕಾದರು.

"ದುಡಿದ ಕೈ" ಎಂದಳು ಮುದುಕಿ.

ತಾಂಬೂಲ ಬದಲಾಯಿತು. ಹುಡುಗಿ ಅವಳ ಕಾಲಿಗೆರಗಿ, ದಣಿದು ಬಂದ ಅಜ್ಜಿಗೆ ತಾನೇ ಒಂದು ತಂಬಿಗೆ ನೀರು ತಂದುಕೊಟ್ಟಳು.

ಗುರುಗಳು ಕತೆಯನ್ನು ಅಲ್ಲಿಗೆ ನಿಲ್ಲಿಸಿದರು.

ಶಿಷ್ಯ ಮುಂದಿನದಕ್ಕಾಗಿ ಕಾದ. ಕೊನೆಗೆ ಅವನೇ ತಡೆದು ತಡೆದು ಹೇಳಿದ: "ಆ ಹುಡುಗಿ ದುಡಿದವಳೇ ಅಲ್ಲವೇ ಗುರುಗಳೇ? ಮುದುಕಿ ಹೇಳಿದ್ದರಲ್ಲಿ ಸುಳ್ಳೇನಿದೆ? ನೀರಿನ ವಿಷಯವನ್ನಂತೂ ಅವಳನ್ನು ಯಾರೂ ಕೇಳಲೇ ಇಲ್ಲ."

"ಅಂಗೈ ಚಾಚಿ ಎದುರಿಗೆ ಕೂತವಳು ಮತ್ತೇನು ಕೇಳುತ್ತಿದ್ದಳಪ್ಪಾ?" ಎಂದರು ಗುರುಗಳು.