ಆರನೇ ಕ್ರಾಸಿನ ವಾಸನೆ

ಆರನೇ ಕ್ರಾಸಿನ ನಾಯಿಗಳ ಸಂಘಕ್ಕೆ ಕೆಂಚನೇ ಅಧ್ಯಕ್ಷ. ಕ್ರಾಸಿನ ವಾಸನೆ ಇಲ್ಲದವರು ಒಳಗೆ ಕಾಲಿಡಕೂಡದು ಎಂಬುದು ಅವನೇ ಮಾಡಿದ ಕಾನೂನು. ಒಂದು ಬೆಳಿಗ್ಗೆ ಪಾಲಿಕೆಯ ವ್ಯಾನು ಒಂದು ನಾಯಿಯನ್ನು ಇಳಿಸಿ ಹೋಯಿತು. ಅದರ ಮೈಯೆಲ್ಲ ಔಷಧದ ನಾತ.

“ಯಾವ ಕ್ರಾಸಿನವನಯ್ಯಾ ನೀನು?” ಎಂದು ಕೆಂಚ ಗದರಿದ.

“ಕೆಂಚಣ್ಣಾ, ನಾನು ನಿನ್ನ ತಮ್ಮ ಬೂದ! ಆಪರೇಷನ್ನಿಗೆ ಹಿಡಿದುಕೊಂಡು ಹೋಗಿದ್ದರು.”

“ಮಾತು ಬೇಡ. ವಾಸನೆ ನಮ್ಮದಲ್ಲ.”

ಕೆಂಚ ಬೊಗಳಿದ, ಸಂಘವೆಲ್ಲ ಬೊಗಳಿತು. ಬೂದ ಬಾಲ ಮುದುರಿಕೊಂಡು ಮುಖ್ಯರಸ್ತೆ ದಾಟಿ ಹೋದ.

ಮರುವಾರ ವ್ಯಾನು ಕೆಂಚನನ್ನೇ ಹಿಡಿಯಿತು. ಬೋನಿನಲ್ಲಿ ಅದೇ ನಾತ ಮೂಗಿಗೆ ಬಡಿಯಿತು. ಬಿಡುಗಡೆಯಾಗಿ ಬಂದರೆ, ಕ್ರಾಸಿನ ಬಾಯಲ್ಲಿ ಸಂಘ ಅಡ್ಡ ನಿಂತು ಕೇಳಿತು: “ಯಾವ ಕ್ರಾಸಿನವನಯ್ಯಾ ನೀನು?”

ಕೆಂಚ ಹಿಂದಕ್ಕೆ ತಿರುಗಿದ. ಮುಖ್ಯರಸ್ತೆ ದಾಟಿ, ತಮ್ಮ ಹೋದ ದಾರಿಯನ್ನು ಮೂಸಿ ಮೂಸಿ ನೋಡಿದ. ರಾತ್ರಿಯ ಮಳೆ ಬೂದನ ವಾಸನೆಯನ್ನೆಲ್ಲ ತೊಳೆದುಬಿಟ್ಟಿತ್ತು.